ರೆಗ್‌ನ ಹಕ್ಕಿ

"ಏನಂತ ಉತ್ತರ ಕೊಡೋದು, ವಿಲ್ಫ್? ಒಪ್ಕೋತೀಯೋ, ಇಲ್ಲ ಅಂತೀಯೋ?" ಬಾರ್ನ್ಸ್‌ಲಿ ಊರಿನ ತಮ್ಮ ಮನೆಯ ಹಿತ್ತಲಲ್ಲಿ, ಪಾರಿವಾಳದ ಗೂಡಿನ ಮುಂದೆ ಕುಳಿತು, ಎಡ್ನಾ ಕೋರ್ಟಿನ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಗಂಡನನ್ನು ಕೇಳಿದಳು. ಹಾರಾಟದ ಪಂದ್ಯಕ್ಕೆ ಸಾಕಿದ ತನ್ನ ಪಾರಿವಾಳವನ್ನು ವಿಲ್ಫ್ ಹಿಡಿದಿಟ್ಟುಕೊಂಡಿದ್ದಾನೆ, ವಾಪಸು ಕೊಡಿಸಬೇಕು ಎಂದು ಎದುರು ಸಾಲಿನ ಮನೆಯ ರೆಗ್ ದಾವೆ ಹೂಡಿದ್ದ. ಉತ್ತರ ಕೊಡಲು ಇಂದೇ ಕೊನೆಯ ದಿನ.

"ಅದು ನನ್ನ ಗೂಡಲ್ಲೇ ಹುಟ್ಟಿದ್ದು ಅಂತ ಬರಿ," ಎಂದ ವಿಲ್ಫ್. ಪ್ರತಿ ಬೇಸಿಗೆಯಲ್ಲೂ ರೆಗ್‌ನ ಹಕ್ಕಿಗಳು ಗೆದ್ದು ಬರುವಾಗ ಅವನ ಹೊಟ್ಟೆ ಉರಿಯುತ್ತಿತ್ತು. ಬಿರುಗಾಳಿಗೆ ದಣಿದು ತನ್ನ ಮಾಡಿನ ಮೇಲೆ ಇಳಿದ ಈ ಹಕ್ಕಿಯನ್ನು ಹಿಡಿದು, ಅದರ ಕಾಲಿನ ಗುರುತಿನ ಉಂಗುರವನ್ನು ಅವನೇ ಕತ್ತರಿಸಿದ್ದ. ಆಮೇಲೆ ದಿನಾ ಅಂಗೈಯಲ್ಲಿ ಕಾಳು ತಿನ್ನಿಸಿದ್ದ.

"ಬರೀತೀನಿ. ಆದ್ರೆ ಇದೆಲ್ಲಾ ನಿಜ ಅಂತ ಕೆಳಗೆ ಸಹಿ ಹಾಕೋನು ನೀನು. ಸುಳ್ಳು ಅಂತ ಗೊತ್ತಾಗಿ ಜೈಲಿಗೆ ಹೋದ್ರೆ ನಾನಂತೂ ನೋಡೋಕೆ ಬರಲ್ಲಪ್ಪ." ಅವಳು ಗೂಡಿನತ್ತ ತಿರುಗಿದಳು. "ಇಲ್ಲೇ ಹುಟ್ಟಿದ್ದಾದ್ರೆ ಬಾಗಿಲು ತೆಗಿ. ಪಂದ್ಯದ ಹಕ್ಕಿ ಹುಟ್ಟಿದ ಗೂಡಿಗೇ ತಾನೇ ವಾಪಸ್ ಬರೋದು?"

ಮಾತು ಚುಚ್ಚಿತು. ವಿಲ್ಫ್ ಎದ್ದು ಅಗುಳಿ ಸರಿಸಿದ. ಹಕ್ಕಿ ಅವನ ತಲೆಯ ಮೇಲೆ ಒಂದು ಸುತ್ತು ಹಾಕಿತು. ಅವನು ಕಾಳಿನ ಡಬ್ಬಿ ಅಲ್ಲಾಡಿಸುತ್ತಾ, "ಬಾ, ಬಾರೇ ಚಿನ್ನ," ಎಂದು ಕರೆದ. ಅದು ನೆಟ್ಟಗೆ ಎದುರು ಸಾಲಿನ ಮನೆಗಳ ಹಿಂದೆ ಇಳಿಯಿತು. ಮರುಕ್ಷಣವೇ ಅಲ್ಲಿಂದ ರೆಗ್‌ನ ಕೇಕೆ ಕೇಳಿಸಿತು.

"ಒಪ್ಕೊಂಡೆ ಅಂತ ಬರಿ," ಎಂದ ವಿಲ್ಫ್. "ಒಳಗೆ ಕೂತು ಬರಿ, ಎಡ್ನಾ. ಕಿಟಕಿ ಹಾಕ್ಬಿಡು. ಅವನ ನಗು ನಂಗೆ ಕೇಳಿಸ್ಬಾರ್ದು."