ಪಟ್ ಎಂಬ ಶಬ್ದ

ಹೊಸದಾಗಿ ನೇಮಕವಾದ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ತರಬೇತಿಯ ಕೊನೆಯ ದಿನ. ಪ್ರತಿಯೊಬ್ಬರೂ ಮುಂದೆ ಬಂದು ಒಂದು ಪ್ರಯೋಗ ಮಾಡಿ ತೋರಿಸಬೇಕು. ತೋರಿಸದವರಿಗೆ ಪ್ರಮಾಣಪತ್ರವಿಲ್ಲ, ಅದಿಲ್ಲದೆ ಕೆಲಸ ಖಾಯಂ ಆಗುವುದಿಲ್ಲ. ಮೂರು ದಿನದಿಂದ ತರಬೇತುದಾರರ ಕಣ್ಣು ತಪ್ಪಿಸಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾಗವೇಣಿಯ ಸರದಿ ಬಂದೇಬಿಟ್ಟಿತು.

"ಸತುವಿಗೆ ಆಮ್ಲ ಹಾಕಿ, ಬರೋ ಹೈಡ್ರೋಜನ್ನಿಗೆ ಉರಿಯೋ ಕಡ್ಡಿ ಹಿಡೀರಿ. ಮಕ್ಕಳಾಟ," ಎಂದರು ತರಬೇತುದಾರರು.

ಅವಳು ಪ್ರನಾಳಕ್ಕೆ ಸತುವಿನ ಚೂರು ಹಾಕಿ ಆಮ್ಲ ಸುರಿದಳು. ಕಡ್ಡಿ ಗೀರುವ ಧೈರ್ಯ ಬರಲಿಲ್ಲ.

"ಏನಮ್ಮಾ, ಹತ್ತನೇ ಕ್ಲಾಸಿನ ಪ್ರಯೋಗ ಇದು. ನಿಮ್ಮ ಮೇಷ್ಟ್ರು ಮಾಡಿಸಿರಲಿಲ್ವಾ?"

"ಇಲ್ಲ ಸರ್, ಬರೆಸಿದ್ರು. 'ಪಟ್ ಎಂಬ ಶಬ್ದ ಕೇಳಿಸುತ್ತದೆ' ಅಂತ ಬರ್ಕೊಂಡ್ವಿ. ನಾನಿನ್ನೂ ಅದನ್ನ ಕೇಳಿಲ್ಲ."

ಎಲ್ಲರೂ ನಕ್ಕರು, ಸರದಿ ಮುಗಿಸಿಕೊಂಡವರು ಸ್ವಲ್ಪ ಜೋರಾಗಿಯೇ ನಕ್ಕರು.

"ನೋಡಿ, ಇಂಥವರಿಂದಲೇ ಇಲಾಖೆ ಹಾಳಾಗಿದ್ದು!" ತರಬೇತುದಾರರು ಮೇಜು ಕುಟ್ಟಿದರು. "ಯಾರಮ್ಮಾ ಆ ಮಹಾನುಭಾವ? ಎಲ್ಲರಿಗೂ ಗೊತ್ತಾಗ್ಲಿ."

"ಬೇಡ ಸರ್."

"ಹೇಳದಿದ್ರೆ ಸಹಿ ಇಲ್ಲ."

ಅವಳು ತಲೆ ಎತ್ತದೆ ಶಾಲೆಯ ಊರು ಹೇಳಿದಳು, ಇಸವಿ ಹೇಳಿದಳು. ಹೆಸರನ್ನು ಮಾತ್ರ ನುಂಗಿಕೊಂಡಳು.

ತರಬೇತುದಾರರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳ ಪ್ರಮಾಣಪತ್ರವನ್ನು ಎಳೆದುಕೊಂಡು ಸಹಿ ಹಾಕಿದರು. ಅದನ್ನು ಅವಳ ಕೈಗಿಡುತ್ತಾ, ಅವಳೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

"ಲ್ಯಾಬಿನ ಬೀಗದ ಕೈ ಹೆಡ್‌ಮಾಸ್ಟರ ಹತ್ರ ಇರ್ತಿತ್ತು ಕಣಮ್ಮಾ, ನಂಗೆ ಯಾವತ್ತೂ ಕೊಡ್ಲೇ ಇಲ್ಲ."