ಕಾಶಮ್ಮನ ಕಾಲು

ಒಂದು ಚಪ್ಪಲಿ ಬಾಗಿಲಲ್ಲೇ ಕಳಚಿ ಉಳಿದದ್ದು ಗೊತ್ತಾಗದೆ ಕಾಶಮ್ಮ ತರೀಕೆರೆಯ ಕ್ಲಿನಿಕ್ಕಿನೊಳಗೆ ಬಂದು ಕೂತಳು. "ಥೈರಾಯ್ಡ್ ಮಾತ್ರೆ ನುಂಗಿ ನುಂಗಿ ಸಾಕಾಗೋಯ್ತು ಡಾಕ್ಟ್ರೇ. ಸುಸ್ತೂ ಹೋಗಲ್ಲ, ಮೈ ಬೇರೆ ಕಪ್ಪಾಗ್ತೈತೆ."

ಡಾಕ್ಟರ್ ಹೇಮಶ್ರೀ ಅವಳ ಬರಿಗಾಲನ್ನೇ ನೋಡುತ್ತಿದ್ದರು. ಎದ್ದು ಬಂದು, ಬಗ್ಗಿ, ಹೆಬ್ಬೆರಳನ್ನು ಗಟ್ಟಿಯಾಗಿ ಹಿಸುಕಿ, "ನೋವಾಯ್ತಾ ಅಮ್ಮ?" ಎಂದು ಕೇಳಿದರು.

"ಯಾಕೆ, ಮುಟ್ಟಿದ್ರಾ?" ಎಂದಳು ಕಾಶಮ್ಮ. ಪಕ್ಕದಲ್ಲಿದ್ದ ಮಗಳು ತನುಜಾಳ ಮುಖ ಬಿಳಚಿಕೊಂಡಿತು.

"ಇದೆಲ್ಲಕ್ಕೂ ಒಂದೇ ಕಾರಣ ಇರಬಹುದು. ರಕ್ತ ಪರೀಕ್ಷೆ ಮಾಡಿಸೋಣ," ಎಂದರು ಡಾಕ್ಟರ್. ಶಿವಮೊಗ್ಗದಲ್ಲಿ ಮಾಡಿಸಿದಾಗ ಅನುಮಾನ ನಿಜವಾಯಿತು. ರಕ್ತದ ಕ್ಯಾನ್ಸರೊಂದು ಮೂಳೆಯ ಮಜ್ಜೆಯಲ್ಲಿ ಅಡಗಿ ಕೂತು, ಹಾರ್ಮೋನುಗಳನ್ನೂ ನರಗಳನ್ನೂ ಕೆಡಿಸುತ್ತಿತ್ತು. ಆ ದಿನ ಬಸ್ಸು ತಮ್ಮೂರು ಅಜ್ಜಂಪುರ ಮುಟ್ಟುವತನಕ "ಬೇಗ ಸಿಕ್ಕೈತೆ ಅಂದ್ರಲ್ಲಮ್ಮ, ಔಷಧಿ ಐತಂತೆ," ಎನ್ನುತ್ತಾ ತನುಜಾ ಅಮ್ಮನ ಕೈ ಹಿಡಿದೇ ಇದ್ದಳು.

ಚಿಕಿತ್ಸೆ ಶುರುವಾಗಿ ವರ್ಷ ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ ತನುಜಾ ಬಚ್ಚಲಲ್ಲಿ ಅಮ್ಮನ ಕಾಲಿಗೆ ನೀರು ಹೊಯ್ದಳು. ಕಾಶಮ್ಮ ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡಳು.

"ಲೇ, ಸುಡ್ತೈತೆ ಕಣೇ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಶಮ್ಮ ಮೆಲ್ಲಗೆ ಕಾಲು ಮುಂದಕ್ಕೆ ಚಾಚಿದಳು.

"ಇನ್ನೊಂದು ಚೊಂಬು ಹುಯ್ಯಿ."