ಬಿಸಿಗಾಳಿಯ ಪೈಪು

ಚಳಿಗಾಲದಲ್ಲಿ ಕಾರು ಪೆಟ್ರೋಲು ಜಾಸ್ತಿ ಕುಡಿಯುತ್ತದೆಂದು ಅವನು ಸೈಲೆನ್ಸರ್ ಪಕ್ಕದ ಬಿಸಿಗಾಳಿ ಎಂಜಿನ್ನಿಗೆ ಹೋಗುವಂತೆ ಒಂದು ಪೈಪು ಜೋಡಿಸಿದ. ಕಾವು ಬೇಗ ಆರದಿರಲೆಂದು ಕಾರಿನ ಮೂತಿಗೆ ರಟ್ಟನ್ನೂ ಕಟ್ಟಿದ. ತಿಂಗಳಾದರೂ ಮೈಲೇಜು ಇದ್ದಲ್ಲೇ ಇತ್ತು.

ಆ ಚಳಿಯಲ್ಲೂ ಹತ್ತಿಯಂತಿದ್ದ ಇಡ್ಲಿ ತಿಂದು, ಸ್ಪ್ಯಾನರ್ ಹಿಡಿದು ಎದ್ದ. "ಎಲ್ಲಾ ಕಿತ್ತು ಬಿಸಾಕ್ತೀನಿ."

ಹೆಂಡತಿ ಅಡ್ಡ ನಿಂತಳು. "ಮುಟ್ಟಿದ್ರೆ ನೋಡಿ! ಅದು ಚೆನ್ನಾಗೇ ಕೆಲಸ ಮಾಡ್ತಿದೆ."

"ಪೆಟ್ರೋಲು ಒಂದು ತೊಟ್ಟೂ ಉಳೀತಿಲ್ಲ ಕಣೇ!"

"ಉಳಿಸೋದು ಆಮೇಲೆ. ಇವತ್ತು ಸಂಜೆ ಸುಮ್ನೆ ಊರೆಲ್ಲ ಎರಡು ಸುತ್ತು ಹಾಕ್ಕೊಂಡು ಬನ್ನಿ."

"ಯಾಕೆ?"

"ನಾಳೆ ಅಕ್ಕನ ಮನೆಯವರೆಲ್ಲ ತಿಂಡಿಗೆ ಬರ್ತಾರೆ. ಎಂಜಿನ್ ಚೆನ್ನಾಗಿ ಕಾದಿದ್ರೆ ತಾನೇ, ರಾತ್ರಿ ಬಾನೆಟ್ಟೊಳಗಿಟ್ಟ ಇಡ್ಲಿ ಹಿಟ್ಟು ಉಬ್ಬೋದು!"